ರಕ್ಷಣಾ ಆದೇಶ ಕೈಯಲ್ಲಿ, ರಿವಾಲ್ವರ್ ಬೀರುವಿನಲ್ಲಿ

ಹೆಂಡತಿಗೆ ಹೊಡೆಯುವವನ ಮೇಲೆ ಮ್ಯಾಜಿಸ್ಟ್ರೇಟರು ಇನ್ನು ಹಿಂಸಿಸಕೂಡದೆಂದು ರಕ್ಷಣಾ ಆದೇಶ ಹೊರಡಿಸಿದರೆ ಅವನ ಗನ್ ಲೈಸೆನ್ಸ್ ತಾನಾಗಿಯೇ ಹೋಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹೋಗುವುದಿಲ್ಲ. ಅಮೆರಿಕದಲ್ಲಿ ನೋಟಿಸ್ ಕೊಟ್ಟು, ವಿಚಾರಣೆ ನಡೆಸಿ ಹೊರಡಿಸಿದ ಅಂಥ ಆದೇಶ ಇರುವಾಗ ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಅಪರಾಧ. ಆ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟು 2024ರಲ್ಲಿ ರಹಿಮಿ ಪ್ರಕರಣದಲ್ಲಿ ಎತ್ತಿಹಿಡಿಯಿತು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಂನಲ್ಲಿ ರಕ್ಷಣಾ ಆದೇಶದ ಮಾತೇ ಇಲ್ಲ. ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಜೈಲು ಶಿಕ್ಷೆಯಾದವನಿಗೆ ಶಿಕ್ಷೆ ಮುಗಿದು 5 ವರ್ಷದವರೆಗೆ ಬಂದೂಕು ನಿಷಿದ್ಧ. ಶಾಂತಿ ಕಾಪಾಡುವ ಮುಚ್ಚಳಿಕೆ ಬರೆದುಕೊಡಲು ಆದೇಶವಾದವನಿಗೆ ಆ ಮುಚ್ಚಳಿಕೆಯ ಅವಧಿಯಷ್ಟು ನಿಷಿದ್ಧ. ದಂಡ ಕಟ್ಟಿ ಹೊರಬಂದವನು ಈ ಬಲೆಗೆ ಬೀಳುವುದಿಲ್ಲ.

ಲೈಸೆನ್ಸ್ ನವೀಕರಣದ ಪೊಲೀಸ್ ವರದಿಯಲ್ಲಾದರೂ ಸಿಕ್ಕಿಬೀಳಬಹುದಲ್ಲ ಎಂದರೆ, ಅಲ್ಲೂ ತೂತಿದೆ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ 5 ವರ್ಷ. ವರದಿ ಕೊಡುವುದು ಅವನ ಮನೆಗೆ ಹತ್ತಿರದ ಠಾಣೆ. ಹೆಂಡತಿ ದೂರು ಕೊಟ್ಟಿರುವುದು ತವರೂರಿನ ಠಾಣೆಯಲ್ಲಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿಯಂತೂ ನೇರ ಕೋರ್ಟಿಗೆ ಹೋಗುತ್ತದೆ, ಅದಕ್ಕೆ ಎಫ್‌ಐಆರ್ ನಂಬರೇ ಇರುವುದಿಲ್ಲ. ಹಾಗಾಗಿ ಕೋರ್ಟಿನ ಕಡತವನ್ನೂ ಲೈಸೆನ್ಸ್ ಕಡತವನ್ನೂ ನಾವೇ ಜೋಡಿಸಬೇಕು.

ಮೊದಲ ಜಾಗ ಮ್ಯಾಜಿಸ್ಟ್ರೇಟ್ ಕೋರ್ಟು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 12ನೇ ಕಲಂ ಅರ್ಜಿಯ ಜೊತೆಗೇ 23(2)ರಡಿ ಏಕಪಕ್ಷೀಯ (ಅವನ ಮಾತು ಕೇಳುವ ಮೊದಲೇ ಕೊಡುವ) ಮಧ್ಯಂತರ ಆದೇಶ ಕೇಳಿ, 3ನೇ ನಮೂನೆಯ ಅಫಿಡವಿಟ್ಟಿನಲ್ಲಿ ಬಂದೂಕಿನ ವಿವರ ಬರೆಯಿರಿ: ಪಿಸ್ತೂಲೋ, ರಿವಾಲ್ವರೋ, ಡಬಲ್ ಬ್ಯಾರಲ್ಲೋ, ಎಲ್ಲಿಡುತ್ತಾನೆ, ತೋಟಾ ಎಲ್ಲಿವೆ, ಯಾವ ದಿನ ಏನು ಹೇಳಿ ತೋರಿಸಿದ. ‘ಪ್ರಾಣಭಯವಿದೆ’ ಎಂಬ ಒಂದೇ ಸಾಲಿನಿಂದ ಕೆಲಸವಾಗದು. ಕಾಯ್ದೆಯ 2006ರ ನಿಯಮಗಳಲ್ಲಿ 10(1)(ಎಫ್) ಎಂಬ ಯಾರೂ ತೆರೆದು ನೋಡದ ಉಪನಿಯಮವಿದೆ: ಮ್ಯಾಜಿಸ್ಟ್ರೇಟರು ಲಿಖಿತವಾಗಿ ಸೂಚಿಸಿದರೆ ಸಂರಕ್ಷಣಾಧಿಕಾರಿ (ಈ ಕಾಯ್ದೆಯಡಿ ಸರ್ಕಾರ ನೇಮಿಸುವ ಅಧಿಕಾರಿ) ಪೊಲೀಸರ ನೆರವಿನಿಂದ ದೌರ್ಜನ್ಯಕ್ಕೆ ಬಳಸಿದ ಆಯುಧವನ್ನು ವಶಪಡಿಸಿಕೊಳ್ಳಬೇಕು. ಆ ‘ಲಿಖಿತ ಸೂಚನೆ’ಯನ್ನು ಹೆಸರು ಹಿಡಿದು ಕೇಳಬೇಕು, ಕೇಳದಿದ್ದರೆ ಬರುವುದಿಲ್ಲ. ಅದೂ ಅವನಿಗೆ ನೋಟಿಸ್ ತಲುಪುವ ಮೊದಲೇ ಆಗಬೇಕು. ನೋಟಿಸ್ ಕೈಗೆ ಬಂದ ರಾತ್ರಿ ಬಂದೂಕು ಮನೆಯಲ್ಲೇ ಇದ್ದರೆ ಮಿಕ್ಕ ಆದೇಶಗಳಿಂದ ಹೆಚ್ಚು ಪ್ರಯೋಜನವಿಲ್ಲ.

ಎರಡನೆಯದು ಇನ್ಫೆಂಟ್ರಿ ರಸ್ತೆಯ ಪೊಲೀಸ್ ಕಮಿಷನರ್ ಕಚೇರಿ. ಬೆಂಗಳೂರು ನಗರದಲ್ಲಿ ಲೈಸೆನ್ಸ್ ಪ್ರಾಧಿಕಾರ ಕಮಿಷನರೇ. ಶಸ್ತ್ರಾಸ್ತ್ರ ಕಾಯ್ದೆಯ ಮಟ್ಟಿಗೆ ‘ಜಿಲ್ಲಾ ಮ್ಯಾಜಿಸ್ಟ್ರೇಟ್’ ಕೂಡ ಅವರೇ. ಆದ್ದರಿಂದ ಒಂದೇ ಅರ್ಜಿಯಲ್ಲಿ ಎರಡನ್ನೂ ಕೇಳಬಹುದು. 22ನೇ ಕಲಂನಡಿ ಕಾರಣ ದಾಖಲಿಸಿ ಮನೆ ಶೋಧಿಸಿ ಬಂದೂಕು ವಶಕ್ಕೆ ಪಡೆಯಬಹುದು, ಲೈಸೆನ್ಸ್ ಚಾಲ್ತಿಯಲ್ಲಿದ್ದರೂ ಸರಿ. 17(3)ರಡಿ ಲೈಸೆನ್ಸ್ ಅಮಾನತು ಅಥವಾ ರದ್ದು.

ಹೆಚ್ಚಿನ ಅರ್ಜಿಗಳು ಬಿದ್ದುಹೋಗುವುದು 17(3)ರಲ್ಲೇ. ವಕೀಲರು ಅಭ್ಯಾಸಬಲದಿಂದ ‘ಸಾರ್ವಜನಿಕ ಶಾಂತಿಗೆ ಭಂಗ’ ಎಂದು (ಬಿ) ಖಂಡ ಹಿಡಿಯುತ್ತಾರೆ. ನಾಲ್ಕು ಗೋಡೆಯೊಳಗಿನ ಜಗಳ ಸಾರ್ವಜನಿಕ ಹೇಗಾಯಿತು, ಕೇಸು ಬಾಕಿಯಿದೆ ಎಂದಷ್ಟೇ ಲೈಸೆನ್ಸ್ ಕಿತ್ತುಕೊಳ್ಳಬಹುದೇ ಎಂದು ಅವನು ಮೇಲ್ಮನವಿಯಲ್ಲಿ ಕೇಳುತ್ತಾನೆ. ಕೇಳಲು ಅವನಿಗೆ ಹಕ್ಕಿದೆ. (ಎ) ಖಂಡದ ‘ಯಾವುದೇ ಕಾರಣದಿಂದ ಅನರ್ಹ’ ಎಂಬುದು ಇಲ್ಲಿ ಗಟ್ಟಿ ನೆಲೆ. ರಕ್ಷಣಾ ಆದೇಶದ ದೃಢೀಕೃತ ನಕಲು, ಗಾಯದ ವೈದ್ಯಕೀಯ ದಾಖಲೆ, ಸಂರಕ್ಷಣಾಧಿಕಾರಿಯ ವರದಿ, ಬೆದರಿಕೆಯ ಮೆಸೇಜ್ ಲಗತ್ತಿಸಿ ಸ್ವೀಕೃತಿ ಪಡೆಯಿರಿ. ಲೈಸೆನ್ಸ್ ನಂಬರ್ ಗೊತ್ತಿಲ್ಲದಿದ್ದರೆ ಹೆಸರು, ವಿಳಾಸ ಸಾಕು. ಅದನ್ನು ಹುಡುಕಲೆಂದು ಬೀರು ತೆಗೆಯುವ ಸಾಹಸ ಬೇಡ.

ಇದರ ಜೊತೆಗೆ ಡಿಸಿಪಿಯವರ ಮುಂದೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 126ರ (ಹಿಂದಿನ ಸಿಆರ್‌ಪಿಸಿ 107) ಶಾಂತಿ ಮುಚ್ಚಳಿಕೆಯ ಕ್ರಮಕ್ಕೂ ಕೇಳಿ. ಮುಚ್ಚಳಿಕೆಗೆ ಆದೇಶವಾದರೆ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಂ ತಾನೇ ಬಂದು ಕೂರುತ್ತದೆ, ಆದರೆ ಗರಿಷ್ಠ 1 ವರ್ಷ. ಬರೀ ನೋಟಿಸ್ ಸಾಲದು.

ಠಾಣೆಯಲ್ಲಿ ‘ಲೈಸೆನ್ಸ್ ಇದೆಯಲ್ಲಮ್ಮ, ನಾವೇನು ಮಾಡೋಕಾಗುತ್ತೆ’ ಎಂದರೆ ಒಪ್ಪಬೇಡಿ. ಚುನಾವಣೆ ಬಂತೆಂದರೆ ಇದೇ ಠಾಣೆಗಳು ಲೈಸೆನ್ಸ್ ಬಂದೂಕುಗಳನ್ನು ಡಿಪಾಸಿಟ್ ಮಾಡಿಸಿಕೊಳ್ಳುತ್ತವೆ. ಲೈಸೆನ್ಸ್ ಇಲ್ಲದ ನಾಡಬಂದೂಕಾದರೆ ಈ ಅರ್ಜಿಗಳೇ ಬೇಡ, 112ಕ್ಕೆ ಕರೆ ಮಾಡಿ. ಅದು ಶಸ್ತ್ರಾಸ್ತ್ರ ಕಾಯ್ದೆಯ 25(1ಬಿ)ರಡಿ ಕನಿಷ್ಠ 2 ವರ್ಷ ಶಿಕ್ಷೆಯ ಅಪರಾಧ.

ಲೈಸೆನ್ಸ್ ಮಾವನ ಹೆಸರಿನಲ್ಲಿದ್ದು ಹೊಡೆಯುವವನು ಮಗನಾಗಿದ್ದರೆ ‘ಅನರ್ಹ’ ಎಂಬ ವಾದ ನಡೆಯದು. ಬಂದೂಕು ಮಗನ ಕೈಗೆ ಸಿಗುವಂತೆ ಇಟ್ಟದ್ದು ಲೈಸೆನ್ಸ್ ಷರತ್ತಿನ ಉಲ್ಲಂಘನೆ ಎಂದು 17(3)ರ (ಡಿ) ಖಂಡ ಹಿಡಿಯಬೇಕು. ಬೇರೆ ರಾಜ್ಯದ ಲೈಸೆನ್ಸ್ ಆದರೆ ವಶಕ್ಕೆ ಪಡೆಯುವ ಅರ್ಜಿ ಇಲ್ಲಿ, ರದ್ದತಿಯ ಅರ್ಜಿ ಅದನ್ನು ಕೊಟ್ಟ ಊರಿಗೆ. ಕೊಡಗಿನ ಮನೆಯಲ್ಲಿ ಲೈಸೆನ್ಸ್‌ನಿಂದ ವಿನಾಯಿತಿ ಪಡೆದ ಕೋವಿಯಿದ್ದರೆ ರದ್ದುಮಾಡಲು ಲೈಸೆನ್ಸೇ ಇರುವುದಿಲ್ಲ. 22ನೇ ಕಲಂ ಅಲ್ಲೂ ನಡೆಯುತ್ತದೆ, ಅರ್ಜಿ ಮಡಿಕೇರಿಯ ಜಿಲ್ಲಾಧಿಕಾರಿಗೆ.

ವಶಕ್ಕೆ ಪಡೆದದ್ದು ವಾಪಸು ಹೋಗುವ ಗಳಿಗೆಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಹಿರಿಯರು ಕೂತು ರಾಜಿ ಮಾಡಿಸುತ್ತಾರೆ, ಅವನು ಠಾಣೆಗೆ ಹೋಗಿ ಬಂದೂಕು ಬಿಡಿಸಿಕೊಳ್ಳುತ್ತಾನೆ, ಆಕೆಗೆ ಸುದ್ದಿಯೇ ಇರುವುದಿಲ್ಲ. ‘ರಕ್ಷಣಾ ಆದೇಶ ಇರುವಷ್ಟು ಕಾಲ ಮರಳಿಸಬಾರದು, ಮರಳಿಸುವ ಮುನ್ನ ಅರ್ಜಿದಾರಳಿಗೆ ನೋಟಿಸ್ ಕೊಡಬೇಕು’ ಎಂಬ ಸಾಲು ಮೊದಲ ಅರ್ಜಿಯ ಕೋರಿಕೆಯಲ್ಲೇ ಇರಲಿ.