ಹಳೆಯ ಗಾರ್ಡನ್ ಟ್ರ್ಯಾಕ್ಟರ್‌ನ ಬೇರಿಂಗ್: ಸವೆದಿದ್ದನ್ನು ಗುರುತಿಸಿ ಬದಲಿಸುವುದು

ಶಬ್ದ ಬಂತು ಅಂತ ಎಲ್ಲವನ್ನೂ ಬಿಚ್ಚಲು ಹೋಗಬೇಡಿ. ಮೊದಲು ಜಾಗ ಪತ್ತೆಯಾಗಬೇಕು. ಹೆಚ್ಚಾಗಿ ತೊಂದರೆ ಕೊಡುವುದು ಹುಲ್ಲು ಕತ್ತರಿಸುವ ಬ್ಲೇಡನ್ನು ತಿರುಗಿಸುವ ಸ್ಪಿಂಡಲ್, ಬೆಲ್ಟ್ ಬಿಗಿ ಹಿಡಿಯುವ ಐಡ್ಲರ್ ಪುಲ್ಲಿ ಮತ್ತು ಮುಂದಿನ ಚಕ್ರಗಳು. ಬ್ಲೇಡ್ ಓಡುವಾಗ ಮಾತ್ರ ಶಬ್ದ ಬಂದರೆ ಮೊದಲೆರಡರ ಮೇಲೆ ಅನುಮಾನ ಇಡಿ. ಮುಂದಿನ ಚಕ್ರದಲ್ಲಿ ಬೇರಿಂಗ್ ಬದಲು ಬರೀ ಬುಷ್, ಅಂದರೆ ಗುಂಡುಗಳಿಲ್ಲದ ಕೊಳವೆ, ಇರುವುದೂ ಉಂಟು, ಬಿಚ್ಚುವ ಮುಂಚೆ ನೋಡಿಕೊಳ್ಳಿ.

ಎಂಜಿನ್ ಆರಿಸಿ, ಸ್ಪಾರ್ಕ್ ಪ್ಲಗ್ ವೈರ್ ಕಳಚದೆ ಬ್ಲೇಡ್ ಹತ್ತಿರ ಕೈ ಒಯ್ಯಬೇಡಿ. ಆಮೇಲೆ ಬೆಲ್ಟ್ ತೆಗೆಯಿರಿ. ಬೆಲ್ಟಿನ ಎಳೆತ ಇದ್ದರೆ ಸವೆದ ಬೇರಿಂಗ್ ಕೂಡ ಗಟ್ಟಿಯಾಗಿರುವಂತೆ ಕಾಣುತ್ತದೆ. ದಪ್ಪ ಗ್ಲೌಸ್ ಹಾಕಿ, ಬ್ಲೇಡಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಇನ್ನೊಂದು ಕೈಯ ಬೆರಳು ಶಾಫ್ಟ್ ಮತ್ತು ಹೌಸಿಂಗ್ (ಬೇರಿಂಗ್ ಕೂರುವ ಕವಚ) ಸೇರುವ ಸಂದಿನ ಮೇಲಿರಲಿ. ಶಾಫ್ಟ್ ಮಾತ್ರ ಆಡಿದರೆ ಬೇರಿಂಗ್ ಹೋಗಿದೆ. ಹೌಸಿಂಗೇ ಆಡಿದರೆ ಬೋಲ್ಟ್ ಲೂಸ್ ಆಗಿರಬಹುದು, ಸುಮ್ನೆ ಬೇರಿಂಗ್ ತರಬೇಡಿ. ಪುಲ್ಲಿಯನ್ನು ನಿಧಾನಕ್ಕೆ ತಿರುಗಿಸಿದಾಗ ಮರಳು ಸಿಕ್ಕಂತೆ ಗರಗರ ಅಂದರೂ ಬದಲಿಸಬೇಕು. ಒಮ್ಮೆ ತಳ್ಳಿದ್ದಕ್ಕೆ ತುಂಬಾ ಹೊತ್ತು ಗಿರಗಿರ ತಿರುಗಿದರೆ ಖುಷಿ ಪಡಬೇಡಿ, ಒಳಗೆ ಗ್ರೀಸ್ ಒಣಗಿರಬಹುದು.

ನಂಬರ್ ಬೇರಿಂಗಿನ ಸೀಲ್ ಅಥವಾ ರಿಂಗ್ ಮೇಲೆ ಇರುತ್ತದೆ. 6204, 6205ರಂಥ ನಂಬರಿನಲ್ಲಿ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳ ಅಳತೆ, ಅಂದರೆ ಶಾಫ್ಟ್ ಕೂರುವ ತೂತಿನ ವ್ಯಾಸ, ಮಿಲಿಮೀಟರಿನಲ್ಲಿ ಸಿಗುತ್ತದೆ. 6205 ಅಂದರೆ ಒಳಗೆ 25, ಹೊರಗೆ 52, ದಪ್ಪ 15. ಈ ಲೆಕ್ಕ 04ರಿಂದ ಮೇಲಕ್ಕೆ ಮಾತ್ರ. 6203ರ ಒಳ ಅಳತೆ 17. 2ಆರ್‌ಎಸ್ ಅಂದರೆ ಎರಡೂ ಕಡೆ ರಬ್ಬರ್ ಸೀಲ್, ಝಡ್‌ಝಡ್ ಅಂದರೆ ತಗಡಿನ ಮುಚ್ಚಳ. ಧೂಳಿನ ಕೆಲಸಕ್ಕೆ ರಬ್ಬರೇ ಮೇಲು. ನಂಬರ್ ಓದಿದರೆ ಸಾಕು ಅಂದುಕೊಳ್ಳಬೇಡಿ. ಇಂಥ ಯಂತ್ರಗಳಲ್ಲಿ ಹೊರ ಅಳತೆ 6203ರದ್ದೇ ಇದ್ದು, ಒಳಗೆ 5/8 ಇಂಚು, ಅಂದರೆ 15.875 ಮಿ.ಮೀ. ಇರುವ ಬೇರಿಂಗ್ ಕೂಡ ಬರುತ್ತದೆ. ಶಾಫ್ಟನ್ನು ಕ್ಯಾಲಿಪರ್‌ನಿಂದ ಅಳೆದೇ ತನ್ನಿ.

ಹಳೆಯದನ್ನು ತೆಗೆಯುವ ಮುಂಚೆ ಸರ್ಕ್ಲಿಪ್, ಅಂದರೆ ಬೇರಿಂಗ್ ಜಾರದಂತೆ ಹಿಡಿಯುವ ಸ್ಪ್ರಿಂಗ್ ಉಂಗುರ, ಇದೆಯಾ ನೋಡಿ. ಅದನ್ನು ತೆಗೆಯದೆ ಬಡಿದರೆ ಹೌಸಿಂಗ್ ಒಡೆಯುತ್ತದೆ, ಅಲ್ವಾ? ಒಳ ರಿಂಗ್ ಕೂರುವ ಜಾಗದಲ್ಲಿ ಶಾಫ್ಟ್ ಸವೆದು ಗೆರೆ ಬಿದ್ದಿದ್ದರೆ ರಿಂಗ್ ಶಾಫ್ಟ್ ಮೇಲೇ ಜಾರಿ ತಿರುಗಿದೆ ಅಂತ ಅರ್ಥ. ಶಾಫ್ಟ್ ಹಾಗೇ ಬಿಟ್ಟು ಹೊಸ ಬೇರಿಂಗ್ ಮಾತ್ರ ಹಾಕಿದರೆ ಅದೂ ಬೇಗ ಹೋಗುತ್ತದೆ.

ಹೊಸದು ಹಾಳಾಗುವುದು ಜಾಸ್ತಿ ಕೂರಿಸುವಾಗಲೇ. ನಿಯಮ ಒಂದೇ: ಯಾವ ರಿಂಗ್ ಬಿಗಿಯಾಗಿ ಕೂರಬೇಕೋ ಅದನ್ನೇ ಒತ್ತಬೇಕು. ಹೌಸಿಂಗಿಗೆ ಇಳಿಸುವಾಗ ಹೊರ ರಿಂಗ್, ಶಾಫ್ಟಿಗೆ ಏರಿಸುವಾಗ ಒಳ ರಿಂಗ್. ಒಳ ರಿಂಗಿಗೆ ಹೊಡೆದು ಹೌಸಿಂಗಿಗೆ ಇಳಿಸಿದರೆ ಪೆಟ್ಟು ಗುಂಡುಗಳ ಮೂಲಕ ಹಾದು, ಅವು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ತಗ್ಗು ಬೀಳುತ್ತದೆ. ಹೊರ ರಿಂಗಿನ ಅಳತೆಗೆ ಹೊಂದುವ ಸಾಕೆಟ್ (ನಟ್ ಬಿಚ್ಚುವ ಕೊಳವೆಯಂಥ ಪಾನಾ) ಇಟ್ಟು ನೇರವಾಗಿ ಒತ್ತಿ.

ಎರಡು ಬೇರಿಂಗ್ ನಡುವೆ ಕೊಳವೆಯಂಥ ಸ್ಪೇಸರ್ ಇದ್ದರೆ ಮರೆಯದೆ ವಾಪಸ್ ಹಾಕಿ. ಅದಿಲ್ಲದೆ ನಟ್ ಬಿಗಿದರೆ ಒಳ ರಿಂಗುಗಳು ಒಂದರ ಕಡೆಗೊಂದು ಎಳೆದುಕೊಂಡು ಬೇರಿಂಗ್ ಬಿಸಿಯಾಗುತ್ತದೆ. ಹೌಸಿಂಗಿಗೆ ಗ್ರೀಸ್ ನಿಪ್ಪಲ್ (ಗ್ರೀಸ್ ಪಂಪ್ ಮಾಡುವ ಬಾಯಿ) ಇದ್ದರೆ, ಬೇರಿಂಗಿನ ಒಳಮುಖದ ಸೀಲ್ ಕಿತ್ತು ಬಿಸಾಡುವವರಿದ್ದಾರೆ. ಯಾಕಂದರೆ ಎರಡೂ ಕಡೆ ಮುಚ್ಚಿದ್ದರೆ ಎಷ್ಟು ಪಂಪ್ ಮಾಡಿದರೂ ಗ್ರೀಸ್ ಗುಂಡುಗಳವರೆಗೆ ಹೋಗುವುದಿಲ್ಲ.