ಜವಾರಿ ಆಕಳಿಗೆ ಲಸಿಕೆ ಯಾಕೆ?

ಪ್ರಶ್ನೆ: ನಮ್ಮದು ಜವಾರಿ ತಳಿಯ ದೇವಣಿ ಆಕಳು, ಪಕ್ಕದವರದು ವಿದೇಶಿ ತಳಿಯ ಎಚ್‌ಎಫ್. ಚರ್ಮಗಂಟು ರೋಗ ಬಂದಾಗ ಅವರ ಎರಡೂ ದನ ಮಲಗಿದವು. ನಮ್ಮ ಆಕಳಿಗೆ ಒಂದು ಗಂಟೂ ಏಳಲಿಲ್ಲ. ಇದು ತಳಿಯ ಗುಣಾನಾ? ಹಾಗಿದ್ದರೆ ನಮಗೆ ಲಸಿಕೆ ಯಾಕೆ?

ಉತ್ತರ: ಈ ಸಲ ಈ ಪ್ರಶ್ನೆ ಔರಾದದಿಂದ ಬಂದಿದೆ. ಹಿಂದೆ ಭಾಲ್ಕಿಯಿಂದ, ಆಳಂದದಿಂದ, ಶಹಾಪುರದಿಂದ ಬಂದಿತ್ತು. ಮೊದಲ ಪ್ರಶ್ನೆಗೆ ಉತ್ತರ: ಹೌದು, ಒಂದಿಷ್ಟು. ಎರಡನೆಯದಕ್ಕೆ: ಸುಮ್ನೆ ಹಾಕಿಸಿ. ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಮುಂದಿನ ತಿಂಗಳು ಮತ್ತೆ ಇದೇ ಬರುತ್ತದೆ, ನನಗೆ ಗೊತ್ತು.

"ಜವಾರಿ ದನಕ್ಕ ಏನೂ ಆಗಂಗಿಲ್ಲ ಬಿಡ್ರಿ." ಈ ಮಾತು ಹುಟ್ಟಿದ್ದು ಉಣ್ಣಿಯಿಂದ. ಇಣಿ ಇರುವ ನಮ್ಮ ದನಗಳಿಗೆ ಉಣ್ಣಿ ಕಡಿಮೆ ಹತ್ತುತ್ತದೆ. ಉಣ್ಣಿ ಹರಡುವ ಥೈಲೇರಿಯಾ ಜ್ವರವನ್ನೂ ಅವು ಎಚ್‌ಎಫ್‌ಗಿಂತ ಚೆನ್ನಾಗಿ ತಡೆದುಕೊಳ್ಳುತ್ತವೆ. ಇದು ನಿಜವಾಗಿ ತಳಿಯ ಗುಣವೇ. ಆದರೆ ಥೈಲೇರಿಯಾ ವೈರಸ್ ಅಲ್ಲ, ರಕ್ತದಲ್ಲಿ ಬೆಳೆಯುವ ಏಕಕೋಶ ಜೀವಿ. ಗಂಟು ರೋಗ, ಕಾಲುಬಾಯಿ ಜ್ವರ ಎರಡೂ ವೈರಸ್ಸಿನಿಂದ ಬರುವಂಥವು. ಥೈಲೇರಿಯಾ ತಡೆದ ಆಕಳು ಇವನ್ನೂ ತಡೆಯುತ್ತದೆ ಅನ್ನುವುದು, ಈಜು ಬಂದವನಿಗೆ ಸೈಕಲ್ಲೂ ಬರುತ್ತದೆ ಅಂದ ಹಾಗೆ.

2022ರಲ್ಲಿ ಗಂಟು ರೋಗ ಗುಜರಾತ್, ರಾಜಸ್ಥಾನದಲ್ಲಿ ಸಾವಿರಗಟ್ಟಲೆ ದನ ಕೊಂದಿತು. ಅಲ್ಲಿ ಇದ್ದದ್ದೆಲ್ಲ ಎಚ್‌ಎಫ್ಫಾ? ಗಿರ್, ಕಾಂಕ್ರೇಜ್, ಥಾರ್‌ಪಾರ್ಕರ್‌ಗಳ ತವರು ಅದು. ಸತ್ತದ್ದರಲ್ಲಿ ದೇಶಿ ದನಗಳೇನು ಕಡಿಮೆ ಇರಲಿಲ್ಲ. ನಮ್ಮ ದೇವಣಿಯಲ್ಲಿ ಗಿರ್ ರಕ್ತ ಇದೆ ಅಂತ ಸಂತೆಯಲ್ಲಿ ಜಂಬ ಕೊಚ್ಚುತ್ತೇವಲ್ಲ, ಅದೇ ಗಿರ್.

ಹಾಗಾದರೆ ನಿಮ್ಮ ಆಕಳಿಗೆ ಗಂಟು ಯಾಕೆ ಏಳಲಿಲ್ಲ? ಎಚ್‌ಎಫ್ ಚರ್ಮ ತೆಳು, ಅದಕ್ಕೆ ಬಾಧೆ ಜಾಸ್ತಿ. ಅದು ಒಂದು. ಇನ್ನೊಂದು, ಪ್ರಯೋಗಕ್ಕೆಂದು ವೈರಸ್ ಚುಚ್ಚಿದ ದನಗಳಲ್ಲೂ ಹೆಚ್ಚುಕಡಿಮೆ ಅರ್ಧಕ್ಕೆ ಮಾತ್ರ ಗಂಟು ಏಳುತ್ತವೆ. ಉಳಿದವಕ್ಕೆ ಸೋಂಕು ಸದ್ದಿಲ್ಲದೆ ಬಂದು ಹೋಗಬಹುದು. ಕಾಲುಬಾಯಲ್ಲಂತೂ ಇದು ಇನ್ನೂ ತಾಪತ್ರಯ. ಜವಾರಿ ಆಕಳು ಎರಡು ದಿನ ಮೇವು ಬಿಟ್ಟು, ಸ್ವಲ್ಪ ಜೊಲ್ಲು ಸುರಿಸಿ, ಮತ್ತೆ ಕಣಿಕೆ ಮೇಯುತ್ತಾ ನಿಲ್ಲುತ್ತದೆ. ನೀವು "ನೋಡ್ರಿ, ಏನೂ ಆಗ್ಲಿಲ್ಲ" ಅನ್ನುತ್ತೀರಿ. ವೈರಸ್ ಮಾತ್ರ ಅದರ ಗಂಟಲಲ್ಲಿ ತಿಂಗಳುಗಟ್ಟಲೆ ಉಳಿದಿರಬಹುದು.

ಒಮ್ಮೆ ಲಸಿಕೆ ಹಾಕಲು ಹೋದಾಗ ಯಜಮಾನರೊಬ್ಬರು ಎಚ್‌ಎಫ್‌ಗಳನ್ನು ಸಾಲಾಗಿ ತಂದು ನಿಲ್ಲಿಸಿದರು. "ಮುಗೀತ್ರೀ ಸಾಹೇಬ್ರ, ಇಷ್ಟೇ." ಅಷ್ಟರಲ್ಲಿ ಬಣವೆ ಹಿಂದಿನಿಂದ ಕೊರಳಗಂಟೆ ಸದ್ದು. ಹೋಗಿ ನೋಡಿದರೆ ಎರಡು ದೇವಣಿ, ಬಾಯಿ ತುಂಬ ಮೇವು. ಹಾಲು ಇಳಿಯುತ್ತದೆ ಅಂತ ಬಚ್ಚಿಟ್ಟಿದ್ದರಂತೆ. ಇಳಿದರೂ ಒಂದೆರಡು ದಿನ, ಆಮೇಲೆ ಸರಿ ಹೋಗುತ್ತದೆ. ಬೀದರಿನಲ್ಲೇ ಪಶುವೈದ್ಯ ವಿಶ್ವವಿದ್ಯಾಲಯ ಇದೆ. ಆದರೂ ಕಟ್ಟೆ ಮೇಲಿನ ಮಾತೇ ಗೆಲ್ಲುತ್ತದೆ!

ಜೀನಿನ ಪಾತ್ರ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ದನದ 23ನೇ ಕ್ರೋಮೋಸೋಮಿನಲ್ಲಿ ಬೋಲಾ ಎಂಬ ಜೀನ್‌ಗಳ ಗುಂಪಿದೆ. ವೈರಸ್ಸಿನ ಚೂರು ಹಿಡಿದು ರಕ್ಷಣಾ ಕಣಗಳಿಗೆ ತೋರಿಸುವುದು ಇವುಗಳ ಕೆಲಸ, ಕಳ್ಳ ಬಿಟ್ಟು ಓಡಿದ ಚಪ್ಪಲಿಯನ್ನು ಪೊಲೀಸರಿಗೆ ತೋರಿಸಿದ ಹಾಗೆ. ದನಗಳಿಗೆ ರಕ್ತದ ಕ್ಯಾನ್ಸರ್ ತರುವ ಲ್ಯುಕೇಮಿಯಾ ವೈರಸ್ಸಿನಲ್ಲಿ ಇದು ಚೆನ್ನಾಗಿ ಕಂಡಿದೆ. ಈ ಗುಂಪಿನ ಡಿಆರ್‌ಬಿ3 ಜೀನಿನ ಒಂದು ರೂಪ ಇದ್ದರೆ ಮೈಯಲ್ಲಿ ವೈರಸ್ ಕಡಿಮೆ, ಇನ್ನೊಂದಿದ್ದರೆ ಜಾಸ್ತಿ. ಸೋಂಕು ಎರಡಕ್ಕೂ ತಗಲುತ್ತದೆ. ಈ ವ್ಯತ್ಯಾಸ ಒಂದೇ ತಳಿಯ ಒಳಗೇ ಇದೆ. ತಳಿಯ ಹೆಸರು ಕೇಳಿ ಹೇಳೋಕಾಗಲ್ಲ.

2021ರಲ್ಲಿ ಅಮೆರಿಕದಲ್ಲಿ ಜಿಂಜರ್ ಎಂಬ ಕರು ಹುಟ್ಟಿತು, ಅದೂ ಗಿರ್. ದನಗಳಿಗೆ ಭೇದಿ ತರುವ ಬಿವಿಡಿ ಎಂಬ ವೈರಸ್, ಜೀವಕೋಶದೊಳಗೆ ಹೋಗಲು ಹಿಡಿಯುವ ಸಿಡಿ46 ಪ್ರೋಟೀನಿನ ಆರು ಅಮೈನೋ ಆಮ್ಲಗಳನ್ನು ಜೀನ್ ತಿದ್ದಿ ಬದಲಿಸಿದ್ದರು. ಸೋಂಕಿತ ಕರುವಿನ ಜೊತೆ ಒಂದು ವಾರ ಬಿಟ್ಟರೂ ಅದು ಕಾಯಿಲೆ ಬೀಳಲಿಲ್ಲ. ಆದರೆ ಅದು ಆ ಒಂದು ವೈರಸ್ಸಿಗೆ ಮಾತ್ರ. ಕಾಲುಬಾಯಿ ವೈರಸ್ ಬರುವ ಬಾಗಿಲೇ ಬೇರೆ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ತಾಯಿಯ ರಕ್ಷಣೆ ಕರುವಿಗೆ ಸಿಗುವುದು ರಕ್ತದಲ್ಲಲ್ಲ, ಗಿಣ್ಣು ಹಾಲಿನಲ್ಲಿ. ಹೊಟ್ಟೆಯಲ್ಲಿದ್ದಾಗ ತಾಯಿಯ ಪ್ರತಿಕಾಯಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಪ್ರೋಟೀನುಗಳು, ಕರುವಿಗೆ ದಾಟುವುದಿಲ್ಲ. ಲಸಿಕೆ ಬಿದ್ದ ತಾಯಿಯಾದರೆ ಗಿಣ್ಣಿನಲ್ಲಿ ಅವು ಧಂಡಿಯಾಗಿ ಇರುತ್ತವೆ. ಆದರೆ ಕರುವಿನ ಕರುಳು ಅದನ್ನು ಹೀರುವುದು ಮೊದಲ ದಿನ ಮಾತ್ರ, ಅದೂ ಗಂಟೆ ಗಂಟೆಗೂ ಕಡಿಮೆಯಾಗುತ್ತಾ. 20 ಕೆಜಿ ಕರುವಿಗೆ ಆ ದಿನ 2 ಲೀಟರ್ ಬೇಕು, ಮೊದಲ ಪಾಲು ಒಂದೆರಡು ಗಂಟೆಯೊಳಗೆ.

ನಮ್ಮಲ್ಲಿ ಏನು ಮಾಡುತ್ತಾರೆ? ರಾತ್ರಿ ಎರಡಕ್ಕೆ ಆಕಳು ಈದಿರುತ್ತದೆ. ಕರು ನಡುಗುವ ಕಾಲಲ್ಲೇ ಕೆಚ್ಚಲು ಹುಡುಕುತ್ತಿರುತ್ತದೆ. ಮಾಸು ಬಿದ್ದಿಲ್ಲ ಅಂತ ಅದನ್ನು ಗೂಟಕ್ಕೆ ಕಟ್ಟಿರುತ್ತಾರೆ. ಕರು ಹಾಲು ಕುಡಿದರೆ ಮಾಸು ಬೀಳಲು ಅನುಕೂಲವೇ ಆಗುತ್ತದೆ, ಎಷ್ಟು ಸಲ ಹೇಳಬೇಕೋ. ಬೆಳಿಗ್ಗೆ ಹಿಂಡಿದ ಗಿಣ್ಣು ಬೆಲ್ಲ, ಏಲಕ್ಕಿ ಹಾಕಿಸಿಕೊಂಡು ಓಣಿಗೆಲ್ಲ ಹೋಗುತ್ತದೆ. ನನ್ನ ಮನೆಗೂ ಬರುತ್ತದೆ. ನನಗೂ ಅದು ಇಷ್ಟವೇ, ಆದರೆ ಎರಡನೇ ದಿನದ್ದು ಕಳಿಸಿ.