ಹತ್ತಿಯ ನೆಲ, ಮತದ ಸಾಲು

ಅಮೆರಿಕದ ಅಲಬಾಮಾ ರಾಜ್ಯದ ಚುನಾವಣಾ ಫಲಿತಾಂಶವನ್ನು ಕೌಂಟಿವಾರು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ಬಣ್ಣ ಹಚ್ಚಿದ ನಕ್ಷೆಯಲ್ಲಿ ನೋಡಿದರೆ ನಡುವೆ ಅಡ್ಡಲಾಗಿ ಹಾದುಹೋಗುವ ನೀಲಿ ಪಟ್ಟಿಯೊಂದು ಕಾಣುತ್ತದೆ. ಸುತ್ತಲೂ ರಿಪಬ್ಲಿಕನ್ನರ ಕೆಂಪು. ಈ ಪಟ್ಟಿ ಮಾತ್ರ ಡೆಮಾಕ್ರಟಿಕ್ ಪಕ್ಷದ ಪಾಲು. ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಕೂತ ಸುಣ್ಣದ ಪದರದ ಮೇಲೆ ಕಪ್ಪು ಜಿಗುಟು ಮಣ್ಣು ಹುಟ್ಟಿತು. ಆ ಮಣ್ಣಿಗೆ ಹತ್ತಿ ಒಗ್ಗಿತು, ಹತ್ತಿ ಬಿಡಿಸಲು ಗುಲಾಮರನ್ನು ತಂದರು, ಅವರ ಮರಿಮಕ್ಕಳು ಅಲ್ಲೇ ಉಳಿದರು. ಈ ಸೀಮೆಗೆ ಬ್ಲ್ಯಾಕ್ ಬೆಲ್ಟ್ ಎಂಬ ಹೆಸರು ಬಂದದ್ದು ಮೊದಲು ಮಣ್ಣಿನಿಂದ, ಆಮೇಲೆ ಜನರಿಂದ.

ಆ ಹತ್ತಿಯ ಒಂದು ಎಳೆ ನಮ್ಮ ಎರೆ ಹೊಲಗಳಿಗೂ ಬಂದಿದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ನ್ಯೂ ಆರ್ಲಿಯನ್ಸ್ ಹತ್ತಿ ಬೀಜವನ್ನು ಧಾರವಾಡ ಸೀಮೆಯಲ್ಲಿ ಬಿತ್ತಿಸಿತು. ಆ ತಳಿಗೆ ‘ಧಾರವಾಡ-ಅಮೆರಿಕನ್’ ಎಂದೇ ಹೆಸರಾಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. ಅದನ್ನು ಸಾಗಿಸಲೆಂದೇ ಕಾರವಾರ ಬಂದರನ್ನು ಬೆಳೆಸುವ ಯೋಜನೆ ನಡೆಯಿತು.

ಆದರೆ ಮಣ್ಣು ಮತ ಹಾಕುವುದಿಲ್ಲ. ‘ಅಲ್ಲಿ ಬಣ್ಣ ನೋಡಿ ಮತ ಹಾಕುತ್ತಾರೆ’ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಬಣ್ಣಕ್ಕೂ ಮತಕ್ಕೂ ನಡುವೆ ನೂರೈವತ್ತು ವರ್ಷಗಳ ಅರ್ಜಿ ನಮೂನೆ, ತೆರಿಗೆ ರಸೀದಿ, ಸಾಲದ ಪತ್ರ, ಮತಗಟ್ಟೆಯ ಸಾಲು ಇವೆ. ಅವನ್ನು ಬಿಟ್ಟರೆ ಅಮೆರಿಕದ ಮತದಾರನ ಮನಸ್ಸು ಅರ್ಥವಾಗುವುದಿಲ್ಲ.

1870ರ 15ನೇ ತಿದ್ದುಪಡಿ ಜನಾಂಗದ ಕಾರಣಕ್ಕೆ ಯಾರ ಮತದ ಹಕ್ಕನ್ನೂ ಕಸಿಯಬಾರದು ಎಂದಿತು. ಹಾಗಾಗಿ ದಕ್ಷಿಣದ ರಾಜ್ಯಗಳು ಜನಾಂಗ ಎಂಬ ಪದವನ್ನು ಮುಟ್ಟದೆ ಕೆಲಸ ಸಾಧಿಸಿದವು. 1890ರ ಮಿಸಿಸಿಪ್ಪಿ ಸಂವಿಧಾನ ಮತ ಹಾಕಬೇಕಾದರೆ ಎರಡು ಡಾಲರ್ ತೆರಿಗೆ ಕಟ್ಟಬೇಕೆಂದು ವಿಧಿಸಿತು. ಜೊತೆಗೆ ಸಂವಿಧಾನದ ಯಾವುದೇ ಕಲಮನ್ನು ಓದಬೇಕು, ಇಲ್ಲವೇ ಓದಿ ಹೇಳಿದಾಗ ಅದರ ಅರ್ಥ ವಿವರಿಸಬೇಕು ಎಂಬ ಷರತ್ತು ಹಾಕಿತು. 1901ರಲ್ಲಿ ಅಲಬಾಮಾ ವರ್ಷಕ್ಕೆ ಒಂದೂವರೆ ಡಾಲರ್ ತೆರಿಗೆ ಹಾಕಿತು. ಕಟ್ಟದೆ ಬಿಟ್ಟರೆ ಬಾಕಿ ಕೂಡುತ್ತಾ ಹೋಗಿ 36 ಡಾಲರ್‌ವರೆಗೆ ಬೆಳೆಯುತ್ತಿತ್ತು. ಪಾಲಿಗೆ ಉಳುವವನಿಗೆ ಅದು ಕಟ್ಟಲಾಗದ ಮೊತ್ತ. ಲೂಸಿಯಾನಾ 1898ರಲ್ಲಿ ‘ಅಜ್ಜನ ಕಲಮು’ ತಂದಿತು: 1867ರ ಆರಂಭಕ್ಕೆ ನಿಮ್ಮ ಅಪ್ಪನಿಗೋ ಅಜ್ಜನಿಗೋ ಮತದ ಹಕ್ಕಿದ್ದರೆ ನಿಮಗೆ ಪರೀಕ್ಷೆ ಇಲ್ಲ. ಗುಲಾಮನಾಗಿದ್ದ ಅಜ್ಜನಿಗೆ ಎಲ್ಲಿಯ ಮತ? ಲೂಸಿಯಾನಾದಲ್ಲಿ 1896ರಲ್ಲಿ 1,30,334 ಇದ್ದ ಕಪ್ಪು ಮತದಾರರ ಸಂಖ್ಯೆ 1904ಕ್ಕೆ 1,342ಕ್ಕೆ ಇಳಿಯಿತು.

ಈ ಪರೀಕ್ಷೆಗಳಲ್ಲಿ ತೇರ್ಗಡೆಯ ಅಂಕವೇ ಇರಲಿಲ್ಲ. ಮಿಸಿಸಿಪ್ಪಿ ಸಂವಿಧಾನದ 285 ಕಲಮುಗಳಲ್ಲಿ ಯಾವುದನ್ನು ಕೊಡಬೇಕು, ಉತ್ತರ ಸರಿಯೇ ತಪ್ಪೇ ಎಂದು ತೀರ್ಮಾನಿಸುವವನು ನೋಂದಣಿ ಗುಮಾಸ್ತನೊಬ್ಬನೇ. 1962ರ ಕಾನೂನಿನ ಪ್ರಕಾರ ಅರ್ಜಿ ಹಾಕಿದವರ ಹೆಸರು ಎರಡು ವಾರ ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಗಬೇಕಿತ್ತು. ಯಾರ ಹೊಲದ ಆಳು ಯಾವ ಕೆಲಸಕ್ಕೆ ಹೋಗಿದ್ದಾನೆ ಎಂಬುದು ಮಾಲೀಕನಿಗೂ ಸಾಲ ಕೊಟ್ಟವನಿಗೂ ತಿಳಿಯಬೇಕು, ಅಷ್ಟೇ ಉದ್ದೇಶ.

ಮಿಸಿಸಿಪ್ಪಿಯ ಹತ್ತಿ ತೋಟದ ಕೆಲಸಗಾರ್ತಿ ಫ್ಯಾನಿ ಲೂ ಹೇಮರ್ ಅವರಿಗೆ ಆದದ್ದನ್ನು ನೋಡಿ. 1962ರ ಆಗಸ್ಟ್ 31ರಂದು ಅವರೂ ಸೇರಿ 18 ಮಂದಿ ಮತದಾರರಾಗಿ ನೋಂದಾಯಿಸಿಕೊಳ್ಳಲು ಹಳೆಯ ಬಸ್ಸಿನಲ್ಲಿ ಇಂಡಿಯನೋಲಾ ಪಟ್ಟಣಕ್ಕೆ ಹೋದರು. ಹೇಮರ್ ಅವರಿಗೆ ಆಗ 44 ವರ್ಷ. ಗುಮಾಸ್ತ ಅವರ ಮುಂದಿಟ್ಟದ್ದು ‘ಎಕ್ಸ್ ಪೋಸ್ಟ್ ಫ್ಯಾಕ್ಟೊ’ (ನಡೆದುಹೋದ ಕೃತ್ಯಕ್ಕೂ ಅನ್ವಯಿಸುವ) ಕಾನೂನುಗಳ ಕುರಿತ 16ನೇ ಕಲಮು. ಬಾಲ್ಯದಿಂದ ಹತ್ತಿ ಬಿಡಿಸಿದವರಿಗೆ ಲ್ಯಾಟಿನ್ ಪದದ ಅರ್ಥ ಹೇಳು ಎಂದರೆ? ಅನುತ್ತೀರ್ಣ. ವಾಪಸು ಬರುವಾಗ ಪೊಲೀಸರು ಬಸ್ಸನ್ನು ತಡೆದರು. ಬಸ್ಸಿನ ಬಣ್ಣ ಸರಿಯಿಲ್ಲವೆಂದು ಚಾಲಕನಿಗೆ ದಂಡ ಬಿತ್ತು. ಊರು ಮುಟ್ಟುವಷ್ಟರಲ್ಲಿ ಸುದ್ದಿ ತೋಟದ ಮಾಲೀಕನಿಗೆ ತಲುಪಿತ್ತು. ಅರ್ಜಿ ಹಿಂಪಡೆ, ಇಲ್ಲವೇ ಜಾಗ ಖಾಲಿ ಮಾಡು ಎಂದ. 18 ವರ್ಷ ದುಡಿದ ತೋಟವನ್ನು ಅವರು ಅದೇ ರಾತ್ರಿ ಬಿಟ್ಟರು. ಒಂದು ಅರ್ಜಿಗೆ ತೆತ್ತ ಬೆಲೆ: ಮನೆ, ಕೆಲಸ ಎರಡೂ.

ಅಲಬಾಮಾದ ಸೆಲ್ಮಾ ಪಟ್ಟಣದ ಎಡ್ಮಂಡ್ ಪೆಟಸ್ ಸೇತುವೆಯ ಮೇಲೆ 1965ರ ಮಾರ್ಚ್ 7ರಂದು ಮತದ ಹಕ್ಕಿಗಾಗಿ ಹೊರಟ ಮೆರವಣಿಗೆಯವರನ್ನು ಪೊಲೀಸರು ಹೊಡೆದ ದೃಶ್ಯಗಳು ಟಿ.ವಿ.ಯಲ್ಲಿ ಬಂದವು. ಆಗಸ್ಟ್ 6ಕ್ಕೆ ಮತದಾನ ಹಕ್ಕು ಕಾಯ್ದೆಗೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದರು. ಈ ಕಾಯ್ದೆಯ ಬಲವಿದ್ದದ್ದು 5ನೇ ಕಲಮಿನಲ್ಲಿ. ಓದು-ಬರಹದ ಪರೀಕ್ಷೆಯಂಥ ಅಡ್ಡಿ ಇಟ್ಟುಕೊಂಡು, 1964ರಲ್ಲಿ ಅರ್ಧಕ್ಕಿಂತ ಕಡಿಮೆ ಜನ ನೋಂದಾಯಿಸಿದ್ದ ಅಥವಾ ಮತ ಹಾಕಿದ್ದ ಪ್ರದೇಶಗಳು ಚುನಾವಣಾ ನಿಯಮದಲ್ಲಿ ಏನೇ ಬದಲಿಸಬೇಕಾದರೂ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕು. ಮತಗಟ್ಟೆಯನ್ನು ಪಕ್ಕದ ಬೀದಿಗೆ ಸಾಗಿಸಲೂ ಒಪ್ಪಿಗೆ ಬೇಕು. ಅನ್ಯಾಯ ನಡೆದ ಮೇಲೆ ಕೋರ್ಟಿಗೆ ಹೋದರೆ ತೀರ್ಪು ಬರುವಷ್ಟರಲ್ಲಿ ಚುನಾವಣೆ ಮುಗಿದಿರುತ್ತದೆ. ಈ ಕಲಮು ಹೊರೆಯನ್ನು ತಿರುಗಿಸಿ ಸರ್ಕಾರದ ಹೆಗಲಿಗೆ ಹಾಕಿತು. ಮಿಸಿಸಿಪ್ಪಿಯಲ್ಲಿ ಶೇ 6.7ರಷ್ಟಿದ್ದ ಕಪ್ಪು ಜನರ ನೋಂದಣಿ 1967ಕ್ಕೆ ಶೇ 59.8ಕ್ಕೆ ಏರಿತು.

ಇದು ದಕ್ಷಿಣದ ಕತೆ. ಉತ್ತರದ ನಗರಗಳಲ್ಲಿ ಮತಕ್ಕೆ ಇಷ್ಟು ಅಡ್ಡಿಯಿರಲಿಲ್ಲ, ಅಲ್ಲಿ ಗೆರೆ ಎಳೆದದ್ದು ಮನೆ ಸಾಲ. 1930ರ ದಶಕಕ್ಕೆ ಮುನ್ನ ಮನೆ ಕೊಳ್ಳಲು ಅರ್ಧದಷ್ಟು ಹಣ ಕೈಯಲ್ಲಿರಬೇಕಿತ್ತು, ಉಳಿದದ್ದನ್ನು ಐದಾರು ವರ್ಷದೊಳಗೆ ತೀರಿಸಬೇಕಿತ್ತು. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಬ್ಯಾಂಕುಗಳ ಸಾಲಕ್ಕೆ ವಿಮೆ ಕೊಟ್ಟಿತು. ಬೆಲೆಯ ಶೇ 80ರವರೆಗೆ ಸಾಲ, 20 ವರ್ಷದ ಕಂತು. ಅಮೆರಿಕದ ಮಧ್ಯಮವರ್ಗ ಕಟ್ಟಿಕೊಂಡದ್ದು ಈ ಕಂತಿನ ಮೇಲೆ. ಅದೇ ದಶಕದಲ್ಲಿ ಕೇಂದ್ರದ ಇನ್ನೊಂದು ಸಂಸ್ಥೆ ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿತು: ಹಸಿರು ಉತ್ತಮ, ನೀಲಿ ಪರವಾಗಿಲ್ಲ, ಹಳದಿ ಇಳಿಮುಖ, ಕೆಂಪು ಅಪಾಯ. ಕಪ್ಪು ಜನರಿದ್ದ ಕೇರಿಗಳು ಹೆಚ್ಚೂಕಡಿಮೆ ಎಲ್ಲವೂ ಕೆಂಪು.

ಡೆಟ್ರಾಯ್ಟ್ ನಗರದ ಎಂಟನೇ ಮೈಲಿ ರಸ್ತೆಯ ಬಳಿ ಈ ನೀತಿಯನ್ನು ಕೈಯಿಂದ ಮುಟ್ಟಬಹುದು. 1941ರಲ್ಲಿ ಒಬ್ಬ ಬಿಲ್ಡರ್ ಕಪ್ಪು ಜನರ ಕೇರಿಯ ಪಕ್ಕ ಬಿಳಿಯರಿಗಾಗಿ ಬಡಾವಣೆ ಮಾಡಹೊರಟ. ಕಪ್ಪು ಜನ ಅಷ್ಟು ಹತ್ತಿರದಲ್ಲಿದ್ದರೆ ಸಾಲಕ್ಕೆ ವಿಮೆ ಸಿಗದು. ಎರಡರ ನಡುವೆ ಆರು ಅಡಿ ಎತ್ತರ, ಒಂದು ಅಡಿ ದಪ್ಪ, ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಕಟ್ಟಿದ, ಸಾಲ ಮಂಜೂರಾಯಿತು. ಆ ಗೋಡೆ ಇವತ್ತಿಗೂ ಹಿತ್ತಲುಗಳ ನಡುವೆ ನಿಂತಿದೆ, ಒಂದಿಷ್ಟು ಭಾಗಕ್ಕೆ ಈಗ ಬಣ್ಣದ ಚಿತ್ರ ಬರೆದಿದ್ದಾರೆ.

ಎರಡನೇ ಮಹಾಯುದ್ಧದಿಂದ ಮರಳಿದ ಯೋಧರ ಸಾಲದಲ್ಲೂ ಇದೇ ಆಯಿತು. 1947ರಲ್ಲಿ ಮಿಸಿಸಿಪ್ಪಿಯಲ್ಲಿ ಸರ್ಕಾರದ ಖಾತರಿಯಿದ್ದ 3,229 ಸಾಲಗಳಲ್ಲಿ ಕಪ್ಪು ಯೋಧರಿಗೆ ಸಿಕ್ಕದ್ದು ಎರಡು. ಮನೆ ಇಲ್ಲದಿದ್ದರೆ ಮಕ್ಕಳಿಗೆ ಆಸ್ತಿ ಇಲ್ಲ. ಅಮೆರಿಕದ ಶಾಲೆಗಳಿಗೆ ಹಣದ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುವುದರಿಂದ, ಮನೆಗೆ ಬೆಲೆಯಿಲ್ಲದ ಕಡೆ ಶಾಲೆಗೂ ಹಣವಿಲ್ಲ. ಈ ತಾರತಮ್ಯವನ್ನು 1968ರಲ್ಲಿ ನಿಷೇಧಿಸಿದರು. ಆದರೆ ಆಸ್ತಿಗೆ ಚಕ್ರಬಡ್ಡಿ ಇದ್ದಂತೆ ಆಸ್ತಿ ಇಲ್ಲದಿರುವುದಕ್ಕೂ ಚಕ್ರಬಡ್ಡಿ ಇರುತ್ತದೆ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯಲ್ಲಿ ಬಿಳಿಯ ಕುಟುಂಬದ ಮಧ್ಯಮ ಮಟ್ಟದ ಸಂಪತ್ತು 2,85,000 ಡಾಲರ್, ಕಪ್ಪು ಕುಟುಂಬದ್ದು 44,900.

ಇಂಥ ಬದುಕು ಮತವಾಗುವುದು ಹೇಗೆ? ರಾಜಕೀಯ ಶಾಸ್ತ್ರಜ್ಞ ಮೈಕೆಲ್ ಡಾಸನ್ ಕಪ್ಪು ಮತದಾರರ ಲೆಕ್ಕಾಚಾರವನ್ನು ‘ಬೆಸೆದ ಹಣೆಬರಹ’ ಎಂಬ ಅರ್ಥದ ಮಾತಿನಿಂದ ವಿವರಿಸಿದರು. ಸಮೀಕ್ಷೆಯಲ್ಲಿ ಇದಕ್ಕೊಂದು ಪ್ರಶ್ನೆ ಇದೆ: ಈ ದೇಶದ ಕಪ್ಪು ಜನರಿಗೆ ಒಟ್ಟಾರೆ ಏನಾಗುತ್ತದೋ ಅದಕ್ಕೂ ನಿಮ್ಮ ಬದುಕಿನಲ್ಲಿ ಆಗುವುದಕ್ಕೂ ಸಂಬಂಧವಿದೆಯೇ? ಕಾನೂನು ಒಬ್ಬೊಬ್ಬರನ್ನೂ ಬೇರೆಯಾಗಿ ನೋಡದೆ ಎಲ್ಲರನ್ನೂ ಒಂದೇ ಕೆಂಪು ಗೆರೆಯೊಳಗೆ ಇಟ್ಟಾಗ, ‘ನನಗೆ ಏನು ಒಳ್ಳೆಯದು’ ಎಂಬುದಕ್ಕೆ ‘ನಮ್ಮವರಿಗೆ ಏನು ಒಳ್ಳೆಯದು’ ಎಂಬುದೇ ಹತ್ತಿರದ ಅಂದಾಜು. ಡಾಕ್ಟರಾದವರೂ ಕೂಲಿಯವರೂ ಒಂದೇ ಪಕ್ಷಕ್ಕೆ ಒತ್ತುವುದನ್ನು ಕುರಿಮಂದೆ ಎಂದು ಕರೆಯುವವರು ಈ ಲೆಕ್ಕವನ್ನು ನೋಡಿಯೇ ಇಲ್ಲ.

ಪಕ್ಷನಿಷ್ಠೆಯೂ ಹುಟ್ಟಿನಿಂದ ಬಂದದ್ದಲ್ಲ. ಗುಲಾಮಗಿರಿ ಕೊನೆಗಾಣಿಸಿದ ಲಿಂಕನ್ನರ ರಿಪಬ್ಲಿಕನ್ ಪಕ್ಷವೇ ದಶಕಗಳ ಕಾಲ ಅವರ ಪಕ್ಷವಾಗಿತ್ತು. ಹೊಟ್ಟೆಪಾಡಿನ 1930ರ ದಶಕದಲ್ಲಿ ಅವರು ಡೆಮಾಕ್ರಟಿಕ್ ಪಕ್ಷದ ರೂಸ್‌ವೆಲ್ಟ್ ಕಡೆ ವಾಲಿದರು. ಆದರೂ 1960ರಲ್ಲಿ ರಿಪಬ್ಲಿಕನ್ ನಿಕ್ಸನ್‌ಗೆ ಕಪ್ಪು ಮತಗಳಲ್ಲಿ ಶೇ 32ರಷ್ಟು ಬಿದ್ದಿದ್ದವು. ನಾಲ್ಕು ವರ್ಷದ ಬಳಿಕ ಅದೇ ಪಕ್ಷ ನಿಲ್ಲಿಸಿದ ಗೋಲ್ಡ್‌ವಾಟರ್ ಸೆನೆಟ್ಟಿನಲ್ಲಿ ನಾಗರಿಕ ಹಕ್ಕುಗಳ ಕಾಯ್ದೆಯ ವಿರುದ್ಧ ಮತ ಹಾಕಿದ್ದವರು. ಅವರಿಗೆ ಸಿಕ್ಕದ್ದು ಶೇ 6. ಅದೇ ಗೋಲ್ಡ್‌ವಾಟರ್ ತಮ್ಮ ಅರಿಜೋನಾ ಬಿಟ್ಟರೆ ಗೆದ್ದದ್ದು ದಕ್ಷಿಣದಾಳದ ಐದು ರಾಜ್ಯಗಳನ್ನು. ಆ ವರ್ಷ ಗೆದ್ದ ಜಾನ್ಸನ್ ಬಳಿಕ ಬಿಳಿಯ ಮತದಾರರ ಬಹುಮತ ಪಡೆದ ಡೆಮಾಕ್ರಟಿಕ್ ಅಧ್ಯಕ್ಷೀಯ ಅಭ್ಯರ್ಥಿ ಇನ್ನೊಬ್ಬರಿಲ್ಲ.

ಬಿಳಿಯ ಮತದಾರರ ಮನೋಭಾವ ಅಳೆಯಲು 1980ರ ದಶಕದಿಂದ ಬಳಕೆಯಲ್ಲಿರುವ ಹೇಳಿಕೆಯೊಂದಿದೆ, ಅದನ್ನು ಒಪ್ಪುತ್ತೀರಾ ಎಂದು ಕೇಳುತ್ತಾರೆ: ಐರಿಷರು, ಇಟಾಲಿಯನ್ನರು, ಯಹೂದಿಗಳು ತಾರತಮ್ಯವನ್ನು ದಾಟಿ ದುಡಿದು ಮೇಲೆ ಬಂದರು, ಕಪ್ಪು ಜನರೂ ವಿಶೇಷ ಸವಲತ್ತಿಲ್ಲದೆ ಹಾಗೆಯೇ ಬರಲಿ. ಅಮೆರಿಕದ ನಮ್ಮವರ ಮನೆಗಳಲ್ಲೂ ಈ ಮಾತು ಕನ್ನಡದಲ್ಲಿ ಕೇಳಿಸುತ್ತದೆ: ‘ನಾವು ಎರಡು ಸೂಟ್‌ಕೇಸ್ ಹಿಡಿದು ಬಂದು ಮೇಲೆ ಬರಲಿಲ್ಲವೇ?’ ಹೌದು, ದುಡಿದರು. ಆದರೆ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಭಾರತೀಯರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಎಂದಿತ್ತು. 1946ರಲ್ಲಿ ಪೌರತ್ವದ ಬಾಗಿಲು ತೆರೆದಾಗಲೂ ಭಾರತಕ್ಕೆ ಸಿಕ್ಕ ವಲಸೆ ಕೋಟಾ ವರ್ಷಕ್ಕೆ ನೂರು. ಅದು ನಿಜವಾಗಿ ಸಡಿಲವಾದದ್ದು 1965ರ ಅಕ್ಟೋಬರ್ 3ರ ವಲಸೆ ಕಾಯ್ದೆಯಿಂದ. ಮತದಾನ ಹಕ್ಕು ಕಾಯ್ದೆಗೆ ಸಹಿ ಬಿದ್ದು ಎರಡು ತಿಂಗಳೂ ಆಗಿರಲಿಲ್ಲ. ಸೆಲ್ಮಾದಲ್ಲಿ ಪೆಟ್ಟು ತಿಂದವರ ಹೋರಾಟ ಬದಲಿಸಿದ ಗಾಳಿಯಲ್ಲೇ ಆ ಕಾಯ್ದೆಯೂ ಬಂತು. ಭಾರತದಿಂದ ಅದು ಮೊದಮೊದಲು ಹೆಚ್ಚಾಗಿ ಓದಿದವರನ್ನು, ವೃತ್ತಿಪರರನ್ನು ಕರೆಸಿಕೊಂಡಿತು. ಮನೆ ಸಾಲದ ತಾರತಮ್ಯವನ್ನು ಕಾನೂನು ನಿಷೇಧಿಸಿದ ಮೇಲೆ ಕೊಂಡವರು, ಗೋಡೆಯ ಆಚೆ ಬದಿಯಲ್ಲಿ ಹುಟ್ಟಿದವರಿಗೆ ತಮ್ಮನ್ನು ಹೋಲಿಸುವುದು ಸರಿಯಾದ ಲೆಕ್ಕವಲ್ಲ.

ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1941ರಲ್ಲೇ ಇದನ್ನು ಕಂಡಿದ್ದರು. ಲೂಸಿಯಾನಾದ ರೈಲಿನಲ್ಲಿ ಬಿಳಿಯರ ಬೋಗಿಯಿಂದ ಏಳಲು ಹೇಳಿದ ಟಿಕೆಟ್ ಕಲೆಕ್ಟರ್, ಯಾವ ದೇಶದವರು ಎಂದು ಕೇಳಿದ. ಭಾರತ ಎಂದಿದ್ದರೆ ವಿದೇಶಿ ಅತಿಥಿ ಎಂದು ಬಿಡುತ್ತಿದ್ದನೇನೋ. ಅವರು ತಾನೂ ಬಣ್ಣದ ಹೆಂಗಸೇ ಎಂದು ಹೇಳಿ, ಜಾಗ ಬಿಡದೆ ಕೂತರು.

2013ರ ಜೂನ್ 25ರಂದು ಸುಪ್ರೀಂ ಕೋರ್ಟ್ ಶೆಲ್ಬಿ ಕೌಂಟಿ ಪ್ರಕರಣದಲ್ಲಿ, ಯಾವ ಪ್ರದೇಶಗಳು ಮುಂಚಿತ ಒಪ್ಪಿಗೆ ಪಡೆಯಬೇಕು ಎಂಬ ಸೂತ್ರ ಹಳತಾಯಿತೆಂದು 5-4ರಿಂದ ರದ್ದು ಮಾಡಿತು. ಸೂತ್ರವಿಲ್ಲದೆ 5ನೇ ಕಲಮು ನಿಂತ ಯಂತ್ರ. ಅದರಡಿ ಇದ್ದ ಪ್ರದೇಶಗಳಲ್ಲಿ 2012ರಿಂದ 2018ರೊಳಗೆ 1,688 ಮತಗಟ್ಟೆಗಳು ಮುಚ್ಚಿದವು ಎಂದು ನಾಗರಿಕ ಹಕ್ಕುಗಳ ಸಂಘಟನೆಗಳ ಒಕ್ಕೂಟ ಎಣಿಸಿದೆ.

ಮತಗಟ್ಟೆ ಕಡಿಮೆಯಾದರೆ ಸಾಲು ಹೇಗೆ ಬೆಳೆಯುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಒಬ್ಬ ಮತದಾರನಿಗೆ 5 ನಿಮಿಷ, ಯಂತ್ರ 10 ಎಂದಿಟ್ಟುಕೊಳ್ಳಿ. ಗಂಟೆಗೆ 120 ಮಂದಿ ಮುಗಿಯುತ್ತಾರೆ. ಅಲ್ಲಿ ಮತದಾನ ಮಂಗಳವಾರ, ದೇಶಕ್ಕೆಲ್ಲ ಅನ್ವಯಿಸುವ ರಜೆ ಇಲ್ಲ. ಕೆಲಸಕ್ಕೆ ಹೋಗುವವರು ಬೆಳಿಗ್ಗೆಯೇ ಬರುತ್ತಾರೆ. ಗಂಟೆಗೆ 150 ಮಂದಿ ಬಂದರೆ ಮೂರು ಗಂಟೆಯಲ್ಲಿ 90 ಮಂದಿ ಬಾಕಿ, ಕಾಯುವುದು 45 ನಿಮಿಷ. ಒಂದೇ ಒಂದು ಯಂತ್ರ ಕೆಟ್ಟರೆ ಗಂಟೆಗೆ 108 ಮಂದಿ. ಮೂರು ಗಂಟೆಯಲ್ಲಿ 126 ಮಂದಿ ಬಾಕಿ, ಕಾಯುವುದು 70 ನಿಮಿಷ. ಯಂತ್ರ ಹತ್ತರಲ್ಲಿ ಒಂದು ಕಡಿಮೆಯಾದರೆ ಕಾಯುವ ಹೊತ್ತು ಒಂದೂವರೆ ಪಟ್ಟು ಮೀರುತ್ತದೆ. ಗಂಟೆಯ ಕೂಲಿಯವನು ಸಾಲು ಬಿಟ್ಟು ಹೊರಡುತ್ತಾನೆ, ಬೇಡ ಎಂದು ಯಾರೂ ಹೇಳಬೇಕಿಲ್ಲ. 2016ರ ಚುನಾವಣೆಯ ದಿನದ ಮೊಬೈಲ್ ಫೋನ್ ಮಾಹಿತಿ ಬಳಸಿದ ಅಧ್ಯಯನದಲ್ಲಿ, ಪೂರ್ತಿ ಕಪ್ಪು ಜನರಿರುವ ಕೇರಿಗಳವರು ಪೂರ್ತಿ ಬಿಳಿಯರ ಕೇರಿಗಳವರಿಗಿಂತ ಶೇ 29ರಷ್ಟು ಹೆಚ್ಚು ಹೊತ್ತು ಕಾದಿದ್ದರು. 2021ರಲ್ಲಿ ಜಾರ್ಜಿಯಾ ರಾಜ್ಯ ಮತಗಟ್ಟೆಯಿಂದ 150 ಅಡಿಯೊಳಗೆ ಸಾಲಿನವರಿಗೆ ನೀರು, ತಿಂಡಿ ಹಂಚುವುದನ್ನು ನಿಷೇಧಿಸಿತು.

ಸಾಲು ದಾಟಿದ ಮತದ ತೂಕ ಕ್ಷೇತ್ರದ ಗೆರೆಯ ಮೇಲೆ ನಿಂತಿದೆ. ಅಲಬಾಮಾದಲ್ಲಿ ಕಪ್ಪು ಜನ ಶೇ 27, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಅಲ್ಲಿಂದ ಕ್ಷೇತ್ರ ಏಳು. ಕಪ್ಪು ಬಹುಮತವಿದ್ದದ್ದು ಒಂದರಲ್ಲಿ. ಎರೆ ಮಣ್ಣಿನ ಆ ಪಟ್ಟಿಯನ್ನು ಹಲವು ಕ್ಷೇತ್ರಗಳಿಗೆ ಹರಿದು ಹಂಚಿದ್ದರು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಇದು ಮತದಾನ ಹಕ್ಕು ಕಾಯ್ದೆಗೆ ವಿರುದ್ಧವೆಂಬ ಕೆಳ ನ್ಯಾಯಾಲಯದ ತೀರ್ಮಾನವನ್ನು ಎತ್ತಿಹಿಡಿಯಿತು. ಗೆರೆ ಮತ್ತೆ ಬರೆದ ಮೇಲೆ 2024ರಲ್ಲಿ ಅಲ್ಲಿಂದ ಎರಡನೇ ಕಪ್ಪು ಪ್ರತಿನಿಧಿ ಶೊಮಾರಿ ಫಿಗರ್ಸ್ ಗೆದ್ದರು.

ಡೆಟ್ರಾಯ್ಟ್‌ನಲ್ಲಿ ಗೆರೆ ಬೇರೆ ರೀತಿ ಕೆಲಸ ಮಾಡಿತು. ಜನಸಂಖ್ಯೆಯಲ್ಲಿ ನಾಲ್ಕನೇ ಮೂರಕ್ಕೂ ಹೆಚ್ಚು ಕಪ್ಪು ಜನರಿರುವ ನಗರವನ್ನು ಹೊಸ ವಿಂಗಡಣೆ ಎರಡು ಕ್ಷೇತ್ರಗಳಿಗೆ ಹಂಚಿ ಉಪನಗರಗಳೊಂದಿಗೆ ಸೇರಿಸಿತು. 2022ರಲ್ಲಿ 13ನೇ ಕ್ಷೇತ್ರದ ಡೆಮಾಕ್ರಟಿಕ್ ಟಿಕೆಟ್‌ಗೆ, ಮತದಾರರೇ ಅಭ್ಯರ್ಥಿಯನ್ನು ಆರಿಸುವ ಪಕ್ಷದ ಒಳಚುನಾವಣೆಯಲ್ಲಿ, ಒಂಬತ್ತು ಮಂದಿ ಸ್ಪರ್ಧಿಸಿದರು. ಕಪ್ಪು ಅಭ್ಯರ್ಥಿಗಳ ನಡುವೆ ಮತ ಒಡೆಯಿತು. ಸ್ವಂತ ಹಣ ಸುರಿದಿದ್ದ ಉದ್ಯಮಿ ಶ್ರೀ ಥಾಣೇದಾರ್ ಶೇ 28ರಷ್ಟು ಮತಗಳಲ್ಲೇ ಗೆದ್ದರು. ಅವರು ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು. ಅವರು ಪ್ರಮಾಣವಚನ ಸ್ವೀಕರಿಸಿದ 2023ರ ಜನವರಿಯಲ್ಲಿ, 1955ರ ಬಳಿಕ ಮೊದಲ ಬಾರಿಗೆ, ಡೆಟ್ರಾಯ್ಟ್ ನಗರಕ್ಕೆ ಅಮೆರಿಕ ಕಾಂಗ್ರೆಸ್ಸಿನಲ್ಲಿ ಕಪ್ಪು ಪ್ರತಿನಿಧಿ ಇರಲಿಲ್ಲ.